ಮೂರನೆಯ ಮೋಟಾರು

ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಬಂದಾಗ ಪುಸ್ತಕದ ಲೆಕ್ಕಗಳನ್ನು ಮನೆಗೆ ಮಾಡಿಕೊಂಡು ಬರಲು ಹೇಳಿ, ಹಲಗೆಯ ಮೇಲೆ ನನ್ನದೊಂದು ಲೆಕ್ಕ ಬರೆಯುತ್ತೇನೆ. 'ಒಂದು ಯಂತ್ರ ಇನ್ನೂರಾ ಮೂವತ್ತು ವೋಲ್ಟಿನಲ್ಲಿ ಒಂದೂವರೆ ಆಂಪಿಯರ್ ಕರೆಂಟು ಎಳೆಯುತ್ತದೆ. ಅದರ ರೋಧವೆಷ್ಟು? ಸಾಮರ್ಥ್ಯವೆಷ್ಟು?' ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. ಅಷ್ಟು ತಿಳಿದವರಿಗೆ ಇದು ನೀರು ಕುಡಿದಷ್ಟು ಸುಲಭ. ಹಿಂದಿನ ಬೆಂಚಿನವರೂ ಕೂಗಿ ಹೇಳುತ್ತಾರೆ: ನೂರಾ ಐವತ್ತಮೂರು ಓಮ್, ಮುನ್ನೂರಾ ನಲವತ್ತೈದು ವ್ಯಾಟ್. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಅದು ಯಾವ ಮಷೀನ್ರಿ ಟೀಚರ್, ಮಿಕ್ಸರೇನ್ರಿ?" ಎಂದು ಕೇಳಿದಳು. ಹೌದು, ಮಿಕ್ಸರ್ ಎಂದೆ. ಅವಳಿಗೆ ಖರೆ ಹೇಳಿ ಏನು ಮಾಡುವುದಿತ್ತು? ಅದು ನನ್ನ ಗಂಡ ಉಸಿರಾಡುವುದಕ್ಕೆ ಬೇಕಾಗಿದ್ದ ಕರೆಂಟು.

ಅವರು ಮೋಟಾರು ವೈಂಡಿಂಗ್ ಮಾಡುವವರು. ದುಮ್ಮವಾಡದಲ್ಲಿ ರಸ್ತೆಗೆ ಹತ್ತಿಕೊಂಡೇ ತಗಡಿನದೊಂದು ಅಂಗಡಿ. ಸುತ್ತಲಿನ ಹಳ್ಳಿಗಳಿಂದ, ಅತ್ತ ದೇವಿಕೊಪ್ಪದಿಂದಲೂ, ಸುಟ್ಟ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ, ಬೈಕಿನ ಹಿಂದೆ, ಒಮ್ಮೊಮ್ಮೆ ಚಕ್ಕಡಿಯಲ್ಲಿ ಬಂದು ಅಲ್ಲಿ ಇಳಿಯುತ್ತಿದ್ದವು. ಲೈನಿನಲ್ಲಿ ವೋಲ್ಟೇಜು ಇಳಿದರೆ ಮೋಟಾರು ಸುಮ್ಮನೆ ಕೂರುವುದಿಲ್ಲ. ಅಷ್ಟೇ ನೀರೆತ್ತಲು ಮತ್ತಷ್ಟು ಕರೆಂಟು ಎಳೆಯುತ್ತದೆ, ಕಾಯುತ್ತದೆ, ಕಡೆಗೆ ಒಳಗಿನ ತಾಮ್ರದ ಸುರುಳಿ ಸುಟ್ಟುಕೊಂಡು ಕೂಡುತ್ತದೆ. "ವೋಲ್ಟೇಜ್ ಇಳಿದ್ರ ನಮ್ಮನಿ ಒಲಿ ಹೊತ್ತತೈತಿ" ಎಂದು ಅವರು ನಗುತ್ತಿದ್ದರು. ಬೇಸಿಗೆಯಲ್ಲಿ ಊರೆಲ್ಲ ಕರೆಂಟಿಗೆ ಬೈಯುವಾಗ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮ ಅನ್ನ ಬೆಂದದ್ದು ಕಡಿಮೆ ವೋಲ್ಟೇಜಿನ ಮೇಲೆಯೇ, ಅದನ್ನು ನಾನು ಮರೆಯುವ ಹಾಗಿಲ್ಲ.

ಸುಟ್ಟ ಸುರುಳಿಯನ್ನು ಕಬ್ಬಿಣದ ಗೂಡಿನಿಂದ ಬಿಡಿಸುವುದು ಸುಲಭದ ಕೆಲಸವಲ್ಲ. ವಾರ್ನಿಶು ಕಲ್ಲಾಗಿ ಕಚ್ಚಿಕೊಂಡಿರುತ್ತದೆ. ಅಂಗಡಿಯ ಹಿಂದೆ ಅದನ್ನಿಟ್ಟು ಚಿಮಣಿ ಎಣ್ಣೆ ಸುರುವಿ ಬೆಂಕಿ ಹಚ್ಚುತ್ತಿದ್ದರು. ಕಪ್ಪು ಹೊಗೆ ಏಳುತ್ತಿತ್ತು. ಹೊಗೆ ಇಳಿಯುವ ತನಕ ಕಾಯಲು ಅವರಿಗೆಲ್ಲಿಯ ತಾಳ್ಮೆ? ಮೂಗಿಗೆ ಟವೆಲು ಸುತ್ತಿಕೊಂಡು ಅದರೊಳಗೇ ಕೈಹಾಕಿ ತಂತಿ ಜಗ್ಗುತ್ತಿದ್ದರು. ಹೊಸ ಸುರುಳಿ ಹಾಕಿದ ಮೇಲೆ ಮತ್ತೆ ವಾರ್ನಿಶಿನಲ್ಲಿ ಅದ್ದಿ, ಮತ್ತೆ ಕಾಸಿ, ಮತ್ತೆ ಹೊಗೆ. ನಾನು ಬೈಯುತ್ತಿದ್ದೆ, ಅವರು ಕೇಳುತ್ತಿರಲಿಲ್ಲ.

ಮದುವೆಯ ಹೊಸದರಲ್ಲಿ ನಮ್ಮಿಬ್ಬರ ಮೊದಲ ದೊಡ್ಡ ಜಗಳ ಬಿದ್ದದ್ದು ಒಂದು ಬಲ್ಬಿನ ಮೇಲೆ. ಅದು ಅವರ ಟೆಸ್ಟ್ ಲ್ಯಾಂಪು, ನೂರು ವ್ಯಾಟಿನ ಹಳೆಯ ಕಾಲದ ಬಲ್ಬು, ಒಳಗೆ ತಂತಿ ಕಾಣುವಂಥದ್ದು. ಮೋಟಾರಿನ ಸುರುಳಿ ಸರಿಯಿದೆಯೋ ಇಲ್ಲವೋ ಎಂದು ಅದನ್ನು ಹಚ್ಚಿ ನೋಡುತ್ತಿದ್ದರು. ಹೊಸ ಹೆಂಡತಿಯ ಜಾಣತನ ತೋರಿಸಬೇಕಲ್ಲ, ಇದರ ರೋಧ ಐನೂರು ಓಮಿನ ಮೇಲಿದೆ ಎಂದು ಬಾಯಲ್ಲೇ ಲೆಕ್ಕ ಮಾಡಿ ಹೇಳಿದೆ. ಅವರು ಮೀಟರು ಹಚ್ಚಿ ತೋರಿಸಿದರು: ನಲವತ್ತು. ನಿಮ್ಮ ಮೀಟರು ಕೆಟ್ಟಿದೆ ಎಂದೆ. ನಿನ್ನ ಪುಸ್ತಕ ಕೆಟ್ಟಿದೆ ಎಂದರು. ಎರಡು ದಿನ ಮಾತು ಬಿಟ್ಟೆವು. ಆಮೇಲೆ ನನಗೇ ಹೊಳೆಯಿತು. ಇಬ್ಬರದೂ ಖರೆಯೇ. ಬಲ್ಬು ತಣ್ಣಗಿದ್ದಾಗ ನಲವತ್ತು, ಹೊತ್ತಿ ಬೆಳ್ಳಗಾದಾಗ ಐನೂರು. ತಂತಿ ಕಾದಷ್ಟೂ ಕರೆಂಟಿಗೆ ಅಡ್ಡಿ ಹೆಚ್ಚುತ್ತದೆ. ಹೇಳಿದಾಗ ಅವರು ತಲೆದೂಗಿ, "ಅಗದಿ ನಿನ್ನಂಗs ಐತಿ ನೋಡು. ತಣ್ಣಗಿದ್ದಾಗ ಏನ್ ಹೇಳಿದ್ರೂ ಕೇಳತಿ. ಕಾದ ಮ್ಯಾಲ ಒಂದ್ ಮಾತೂ ಒಳಗ ಹೋಗಂಗಿಲ್ಲ" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೇ ಗೊತ್ತು. ಆದರೆ ಆ ದಿನ ನಗು ಬಂತು.

ಕೆಮ್ಮು ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಆ ಕೆಲಸದವರಿಗೆ ಕೆಮ್ಮು ಇರುವುದೇ ಎಂದುಕೊಂಡಿದ್ದೆವು. ಬಾವಿಯಿಂದ ಮೋಟಾರು ಎತ್ತುತ್ತಿದ್ದ ಮನುಷ್ಯ ಅಂಗಳ ದಾಟಿ ಬಂದು ಏದುಸಿರು ಬಿಡತೊಡಗಿದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಶ್ವಾಸಕೋಶ ಗಟ್ಟಿಯಾಗಿದೆ, ಇದು ಹಿಂದಕ್ಕೆ ಬರುವುದಲ್ಲ, ಇನ್ನು ಮುಂದೆ ಆಕ್ಸಿಜನ್ ಮಷೀನು ಬೇಕು, ಹಗಲೂ ರಾತ್ರಿ. ನನ್ನ ಗಂಡ ಚಿತ್ರವನ್ನು ನೋಡುತ್ತ, "ವೈಂಡಿಂಗ್ ಸುಟ್ಟೈತಿ ಅನ್ರಿ" ಎಂದರು. ಡಾಕ್ಟರು ನಗಲಿಲ್ಲ.

ಆ ಮಷೀನು ಮನೆಯ ಗಾಳಿಯನ್ನೇ ಒಳಗೆಳೆದುಕೊಂಡು ಅದರೊಳಗಿನ ಆಕ್ಸಿಜನ್ ಬೇರೆ ಮಾಡಿ ಕೊಳವೆಯಲ್ಲಿ ಮೂಗಿಗೆ ಕಳಿಸುತ್ತದೆ. ಬೇಕಾದದ್ದು ಕರೆಂಟು ಮಾತ್ರ. ಊರೊಳಗೆ ಬಾಡಿಗೆಗೆ ಒಂದು ಮನೆ ಹಿಡಿದು ನೋಡಿದೆವು. ಅಲ್ಲಿ ಒಲೆಗಳ ಹೊಗೆ, ರಸ್ತೆಯ ಧೂಳು, ಅವರಿಗೆ ಒಂದು ಗಳಿಗೆ ತಡೆಯಲಿಲ್ಲ. ಹಾಗಾಗಿ ಬಮ್ಮಿಗಟ್ಟಿಯ ನಮ್ಮ ಹೊಲದ ಮನೆಗೇ ಮರಳಿದೆವು. ಕಿಟಕಿ ತೆರೆದರೆ ಗಾಳಿ, ಕಣ್ಣಿಗೆ ಹಸಿರು. ನಮಗೆ ಮಕ್ಕಳಿಲ್ಲ. ನಾನು ಶಾಲೆಗೆ ಹೋದಾಗ ನೆರೆಹೊಲದ ಕಾಕು ಬಂದು ಅವರ ಹತ್ತಿರ ಕೂಡುತ್ತಿದ್ದಳು. ಗಂಡ ತೀರಿದ ಮೇಲೆ ಒಬ್ಬಳೇ ಮೆಣಸಿನಗಿಡ ಹಾಕಿಕೊಂಡು ಬದುಕುವ ಹೆಂಗಸು, ಮಾತು ಕಡಿಮೆ.

ಹೊಲದ ಮನೆಗೆ ಗಾಳಿ ಇತ್ತು, ಕರೆಂಟಿನದೇ ಕಷ್ಟ. ನಮ್ಮದು ನೀರೆತ್ತುವ ಮೋಟಾರುಗಳ ಲೈನು, ಅದರ ತುದಿಗೆ ನಮ್ಮ ಮನೆ. ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಕಂಬ ಕಂಬ ದಾಟಿ ಬರುವ ತಂತಿಗೆ ದಾರಿಯಲ್ಲಿ ಮೂರು ಹೊಲ: ಗೋವಿನಜೋಳ ಬೆಳೆಯುವ ಚಾಚಾನದು, ಕಾಕುವಿನದು, ಆಮೇಲೆ ಒಬ್ಬ ಕಬ್ಬಿನವನದು. ಚಾಚಾನ ಮನೆತನ ತಲೆತಲಾಂತರದಿಂದ ನಮ್ಮ ಬಾಜೂಕ್ಕೇ ಇದ್ದದ್ದು. ಕಬ್ಬಿನವನಿಗೂ ನಮಗೂ ಬದುವಿನ ಮೇಲೆ ಜಗಳವಾಗಿ ವರ್ಷಗಳೇ ಆಗಿದ್ದವು. ಎದುರು ಬಂದರೆ ಅವನು ಆಕಾಶ ನೋಡುತ್ತಿದ್ದ, ನಾವು ನೆಲ ನೋಡುತ್ತಿದ್ದೆವು.

ಈ ಮೋಟಾರುಗಳಿಗೆ ಮೂರು ಫೇಜು, ಅಂದರೆ ಕರೆಂಟು ಹರಿಯುವ ಮೂರು ತಂತಿ, ಬೇಕು. ನಮ್ಮ ಲೈನಿಗೆ ಮೂರು ಫೇಜು ಪಾಳಿಯ ಪ್ರಕಾರ ಕೆಲವೇ ತಾಸು ಬರುತ್ತದೆ. ಉಳಿದ ಹೊತ್ತು ಹೊಲದ ಮನೆಗಳ ದೀಪಕ್ಕೆಂದು ಒಂದೇ ಫೇಜು. ಆ ಒಂದರಲ್ಲೇ ಮೋಟಾರನ್ನು ಏಮಾರಿಸಿ ತಿರುಗಿಸಲು ಸ್ಟಾರ್ಟರಿಗೆ ಒಂದು ಡಬ್ಬಿ ಜೋಡಿಸುತ್ತಾರೆ, ಅದಕ್ಕೆ ಕಂಡೆನ್ಸರ್ ಎನ್ನುತ್ತಾರೆ. ಕಾಯಿದೆಗೆ ಅದು ತಪ್ಪು. ಆದರೆ ಕಂಡೆನ್ಸರ್ ಇಲ್ಲದ ಮೋಟಾರು ನಮ್ಮ ಸೀಮೆಯಲ್ಲಿ ದೀಪ ಹಿಡಿದು ಹುಡುಕಿದರೂ ಸಿಗಲಿಕ್ಕಿಲ್ಲ. ಹಾಗೆ ಓಡುವ ಮೋಟಾರು ಇರುವ ಒಂದು ತಂತಿಯಿಂದಲೇ ಎಲ್ಲ ಕರೆಂಟು ಜಗ್ಗುತ್ತದೆ, ತುದಿಯ ಮನೆಗೆ ಉಳಿದದ್ದು ಬರುತ್ತದೆ. ನಮ್ಮ ಲೈನಿನ ಮೂರೂ ಮೋಟಾರಿಗೆ ಆ ಡಬ್ಬಿ ಹಾಕಿದವರು ನನ್ನ ಗಂಡನೇ. ಬದುವಿನ ಜಗಳಕ್ಕೆ ಮೊದಲು, ಕಬ್ಬಿನವನಿಗೂ.

ಅವರು ಟೆಸ್ಟ್ ಲ್ಯಾಂಪನ್ನು ಅಂಗಡಿಯಿಂದ ತರಿಸಿ ಪಡಸಾಲೆಯ ಜಂತಿಗೆ ತೂಗುಹಾಕಿಸಿದರು. ಈಗಿನ ಎಲ್‌ಇಡಿ ಬಲ್ಬು ವೋಲ್ಟೇಜು ಎಷ್ಟೇ ಇಳಿದರೂ ಒಂದೇ ಸಮ ಉರಿಯುತ್ತದೆ. "ಅವು ಸುಳ್ಳ ಹೇಳತಾವ. ಇದು ಖರೆ ಹೇಳತೈತಿ" ಎಂದರು. ವೋಲ್ಟೇಜು ಕಾಲುಭಾಗ ಇಳಿದರೆ ಆ ಬಲ್ಬಿನ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಅದು ಕೆಂಪಗಾದರೆ ನಾನು ಕೈಯಲ್ಲಿದ್ದ ಕೆಲಸ ಚೆಲ್ಲಿ ಒಳಗೆ ಓಡುತ್ತಿದ್ದೆ. ಮಷೀನಿಗೆ ಸ್ಟೆಬಿಲೈಸರ್ ಹಚ್ಚಿದ್ದೆವು. ನೂರಾ ಎಪ್ಪತ್ತು ವೋಲ್ಟಿನ ತನಕ ಅದು ಹೇಗೋ ಎತ್ತಿ ಕೊಡುತ್ತಿತ್ತು. ಅದರ ಕೆಳಗೆ ಕೈಬಿಡುತ್ತಿತ್ತು, ಆಗ ಮಷೀನು ಉದ್ದಕ್ಕೆ ಚೀರುತ್ತಿತ್ತು. ಬ್ಯಾಟರಿಯೂ ಇತ್ತು. ಹನ್ನೆರಡು ವೋಲ್ಟಿನ, ನೂರೈವತ್ತು ಆಂಪಿಯರ್-ತಾಸಿನ ಬ್ಯಾಟರಿ ಈ ಭಾರವನ್ನು ಐದು ತಾಸು ಹೊರಬೇಕು ಎಂದು ಲೆಕ್ಕ ಹೇಳುತ್ತದೆ. ಲೆಕ್ಕ ಹೇಳುವುದಕ್ಕೇನು? ಇಳಿದ ವೋಲ್ಟೇಜಿನಲ್ಲಿ ಅದು ಭರ್ತಿಯೇ ಆಗುತ್ತಿರಲಿಲ್ಲ, ಬೇಕಾದಾಗ ಬೇಗ ಬರಿದಾಗುತ್ತಿತ್ತು. ಕೊನೆಯ ಆಸರೆಗೆ ಮೂಲೆಯಲ್ಲಿ ಒಂದು ಸಿಲಿಂಡರು ನಿಂತಿರುತ್ತಿತ್ತು.

ಮಾಘದ ಬಿಸಿಲು ಶುರುವಾಗಿ ಎಲ್ಲರೂ ಮೋಟಾರು ಹಚ್ಚತೊಡಗಿದ ಮೇಲೆ ದೀಪ ಹಚ್ಚುವ ಹೊತ್ತಿಗೆಲ್ಲ ಮಷೀನು ಚೀರುವುದು ರೂಢಿಯಾಯಿತು. ಒಂದು ಭಾನುವಾರ ಅವರು, "ಲೆಕ್ಕಾ ಹಾಕಿ ನೋಡೂಣು ನಡೀರಿ ಬಾಯಾರ" ಎಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ಚೇಷ್ಟೆಯ ಮನಸ್ಸಿದ್ದಾಗ ಅವರೂ ಹಾಗೇ ಕರೆಯುತ್ತಿದ್ದರು. ತಂತಿಯನ್ನು ಇಕ್ಕಳದ ಹಾಗೆ ಬಾಯಲ್ಲಿ ಹಿಡಿದು ಕರೆಂಟು ತೋರಿಸುವ ಮೀಟರೊಂದನ್ನು ನನ್ನ ಕೈಗೆ ಕೊಟ್ಟು ಚಾಚಾನ ಮೋಟಾರಿನ ಹತ್ತಿರ ಕಳಿಸಿದರು. ತಾವು ಮಂಚದ ಮೇಲೆ, ಮೂಗಿನಲ್ಲಿ ಕೊಳವೆ, ಕಿವಿಗೆ ಮೊಬೈಲು, ಕಣ್ಣು ವೋಲ್ಟ್ ಮೀಟರಿನ ಮೇಲೆ.

ಚಾಚಾ ಬಟನ್ ಒತ್ತಿದ. ನನ್ನ ಮೀಟರು ಹದಿನೆಂಟು ಆಂಪಿಯರಿಗೆ ನಿಂತಿತು. ಮೊಬೈಲಿನಲ್ಲಿ ಅವರ ಧ್ವನಿ, "ಇನ್ನೂರಾ ಇಪ್ಪತ್ತೈದ ಇತ್ತು. ಇನ್ನೂರಾ ಐದಕ್ಕ ಬಂತು."

ಹದಿನೆಂಟು ಆಂಪಿಯರಿಗೆ ಇಪ್ಪತ್ತು ವೋಲ್ಟು ನಷ್ಟ. ಭಾಗಿಸಿದರೆ ತಂತಿಯ ರೋಧ ಒಂದು ಓಮ್, ಮೇಲೊಂದಿಷ್ಟು ಚಿಲ್ಲರೆ. ಆ ಸಣ್ಣ ಬಲ್ಬಿನೊಳಗೆ ಐನೂರು ಓಮ್ ಇರುವಾಗ ಈ ಒಂದು ಓಮಿಗೆ ನಮ್ಮ ಬದುಕು ಸಿಕ್ಕಿಬಿದ್ದಿದೆಯೇ ಎಂದು ನನಗೆ ಸಿಟ್ಟೇ ಬಂತು. ಕಾಕುವಿನ ಮೋಟಾರೂ ಅಷ್ಟೇ ಎಳೆಯುತ್ತಿತ್ತು. ಎರಡೂ ಕೂಡಿದರೆ ನಲವತ್ತು ವೋಲ್ಟು ಹೋಗಿ ನೂರಾ ಎಂಬತ್ತೈದು. ಮಷೀನಿಗೆ ತೊಂದರೆಯಿಲ್ಲ. ಕಬ್ಬಿನವನ ಮೋಟಾರಿನ ಹತ್ತಿರ ನಾವು ಹೋಗುವಂತಿರಲಿಲ್ಲ. ಆದರೆ ಅದನ್ನು ಎಷ್ಟೋ ಸಲ ವೈಂಡ್ ಮಾಡಿದ ನನ್ನ ಗಂಡನಿಗೆ ಅದರ ಹೊಟ್ಟೆ ಗೊತ್ತಿತ್ತು. ಅದು ದೊಡ್ಡದು, ಒಂದೇ ಎರಡು ಮೋಟಾರಿನಷ್ಟು ಜಗ್ಗುತ್ತದೆ. ಆ ಇಬ್ಬರ ಮೇಲೆ ಅದೂ ಶುರುವಾದರೆ ಮನೆಗೆ ಬರುವುದು ನೂರಾ ನಲವತ್ತೈದು. ಶಾಲೆಯ ಚೀಲದಲ್ಲಿ ಯಾವಾಗಲೂ ಇರುವ ಸೀಮೆಸುಣ್ಣದಿಂದ ಬಾಗಿಲ ಮೇಲೆ ಇದನ್ನೆಲ್ಲ ಬರೆದು ತೋರಿಸಿದೆ. ಅವರು ಒಂದೊಂದೇ ಸಾಲು ಓದಿದರು.

"ಮೂರನೇದಕ್ಕ ಉಸಿರು ನಿಲ್ಲತೈತಿ ಅಂದಂಗಾತು. ಮೂರೂ ನಾನs ಹಾಕಿದ್ದು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಇದs ಅದು" ಎಂದು ನಕ್ಕರು. ನಗು ಕೆಮ್ಮಾಗಿ ಅವರನ್ನು ಬಗ್ಗಿಸಿಬಿಟ್ಟಿತು. ನಾನು ಬೆನ್ನು ಸವರುತ್ತ ಕೂತೆ. ಆ ನಗು ನನಗೆ ಬೇಕಾಗಿರಲಿಲ್ಲ.

ಚಾಚಾ ಸಂಜೆ ಬಂದವನು ಬಾಗಿಲ ಮೇಲಿನ ಅಂಕಿಗಳನ್ನು ಓದಿಸಿಕೊಂಡು ಕೇಳಿ, "ನಾನೂ ಕಾಕೂನೂ ಬಂದ್ ಇಡತೀವಿ ಬಿಡವ್ವಾ. ಗೋವಿನಜೋಳ ಮನಷ್ಯಾಗಿಂತ ದೊಡ್ಡದೇನು?" ಎಂದ. ನಾನು ಒಪ್ಪಲಿಲ್ಲ. ಅವರು ನಿಲ್ಲಿಸಿದರೂ ಉಪಯೋಗವಿರಲಿಲ್ಲ. ದೊಡ್ಡ ಮೋಟಾರು ಶುರುವಾಗುವ ಗಳಿಗೆಗೆ ಜಗ್ಗುವ ಕರೆಂಟಿಗೆ ನಮ್ಮ ಸ್ಟೆಬಿಲೈಸರ್ ಒಂದೇ ಏಟಿಗೆ ಕೈಬಿಡುತ್ತಿತ್ತು. ಕೇಳಬೇಕಾದ್ದು ಕಬ್ಬಿನವನನ್ನೇ.

ಕೇಳಲು ಹೋದೆ. ದಾರಿಯುದ್ದಕ್ಕೂ ತಣ್ಣಗೆ ಮಾತಾಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವನು ಮೋಟಾರಿನ ಗುಡಿಸಲ ಮುಂದೆ ಸನಿಕೆ ಹಿಡಿದು ಕಾಲುವೆ ತಿದ್ದುತ್ತಿದ್ದ. ಮೂರು ಫೇಜು ಇದ್ದಾಗ ಎಷ್ಟು ಬೇಕಾದರೂ ಓಡಿಸಿ, ಒಂದೇ ಫೇಜಿನಲ್ಲಿ ಮಾತ್ರ ಬೇಡ, ಮನೆಯಲ್ಲಿ ಮಷೀನು ನಿಲ್ಲುತ್ತದೆ ಎಂದೆ. ಅವನು ತಲೆ ಎತ್ತಲಿಲ್ಲ.

"ಈ ಡಬ್ಬಿ ಹಾಕಿದವ ಯಾರು?" ಎಂದ. "ನಿನ್ನ ಗಂಡನs ಹೌದಲ್ಲೋ? ನೀರ ಬಂದಾಗ ಇದs ಜಾಗಾದಾಗ ನಿಂತು, ಇನ್ನ ನಿನ್ನ ಕಬ್ಬಿಗೆ ಸಾವಿಲ್ಲ ಬಿಡು ಅಂದ. ಈಗ ಬಂದ್ ಮಾಡು ಅಂದ್ರ ಹೆಂಗ? ಕಬ್ಬು ಒಣಗಿದ್ರ ನೀ ಬಂದು ಉಸಿರು ಊದತಿಯೇನು?"

ತಣ್ಣಗಿನ ಮಾತು ಅಲ್ಲಿಗೆ ಮುಗಿಯಿತು. "ಅವರ ಮುಂದ ಬಂದು ಅನ್ರಿ ಈ ಮಾತು. ಮೂಗಿನ್ಯಾಗ ನಳಿಗಿ ಹಾಕ್ಕೊಂಡ ಮನಷ್ಯಾನ ಮಾರಿ ನೋಡಿ ಅನ್ರಿ" ಎಂದು ಹೇಳಿ ತಿರುಗಿ ಬಂದೆ. ಬದು ದಾಟುವಾಗ ಅಳು ಬಂತು. ಅವನ ಮುಂದೆ ಬರಲಿಲ್ಲವಲ್ಲ, ಅಷ್ಟು ಪುಣ್ಯ.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಅವನು ಬಂದ. ಅಂಗಳದಲ್ಲಿ ನಿಂತ, ಒಳಗೆ ಬಾ ಎಂದು ನಾನೂ ಕರೆಯಲಿಲ್ಲ. ಏನು ಹೇಳಲು ಬಂದಿದ್ದನೋ, ಹೇಳುವಷ್ಟರಲ್ಲಿ ಪಡಸಾಲೆಯ ಬಲ್ಬು ಕೆಂಪಗಾಯಿತು. ಚಾಚಾನದೂ ಕಾಕುವಿನದೂ ಆಗಲೇ ಓಡುತ್ತಿದ್ದವು, ಈಗ ಅವನ ಹೊಲದಲ್ಲಿ ಕೆಲಸದವರೂ ಮೋಟಾರು ಹಚ್ಚಿದ್ದರು. ಒಳಗೆ ಮಷೀನು ಚೀರತೊಡಗಿತು. ಬ್ಯಾಟರಿ ಬರಿದಾಗಿತ್ತು. ನಾನು ಚೀಲ ಎಸೆದು ಓಡಿ ಸಿಲಿಂಡರಿನ ಕೀಲಿ ತಿರುವಿದೆ. ಅದು ಜಾಮಾಗಿತ್ತು, ಎರಡೂ ಕೈ ಹಾಕಿದರೂ ತಿರುಗಲೊಲ್ಲದು. ಮಂಚದ ಮೇಲೆ ಅವರು ಎರಡೂ ಮೊಣಕಾಲು ಹಿಡಿದು ಮುಂದಕ್ಕೆ ಬಾಗಿದ್ದರು, ತುಟಿ ನೇರಳೆಗೆ ತಿರುಗುತ್ತಿತ್ತು. ಕತ್ತೆತ್ತಿ ನೋಡಿದೆ. ಕಬ್ಬಿನವನು ಬಾಗಿಲಲ್ಲಿದ್ದ. ಒಂದು ಗಳಿಗೆ ನಿಂತವನು ತಿರುಗಿ ಓಡಿದ, ಚಪ್ಪಲಿ ನಮ್ಮ ಅಂಗಳದಲ್ಲೇ ಉಳಿದವು. ನಾನು ಕೀಲಿಯೊಂದಿಗೆ ಗುದ್ದಾಡುತ್ತಿರುವಾಗಲೇ ಬಲ್ಬು ಬೆಳ್ಳಗಾಯಿತು, ಮಷೀನಿನ ಚೀರಾಟ ನಿಂತಿತು.

ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಂದ. ಹೆಗಲ ಮೇಲಿನ ಟವೆಲಿನಲ್ಲಿ ಏನೋ ಸುತ್ತಿ ತಂದಿದ್ದ. ಮಂಚದ ಕೆಳಗೆ ಇಟ್ಟು ಟವೆಲು ಬಿಚ್ಚಿದ. ಕಂಡೆನ್ಸರು, ಹರಿದ ವೈರುಗಳ ಸಮೇತ.

ನನ್ನ ಗಂಡನಿಗೆ ಅಷ್ಟು ಸುಸ್ತಿನಲ್ಲೂ ಕಸುಬು ಬಿಡಲಿಲ್ಲ. "ಮುಟ್ಟಬ್ಯಾಡ, ಮೊದಲ ಸ್ಕ್ರೂಡ್ರೈವರ್ ಹಚ್ಚು" ಎಂದರು ನನಗೆ. ಕಂಡೆನ್ಸರನ್ನು ಲೈನಿನಿಂದ ಬಿಡಿಸಿದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ಗೊತ್ತಿಲ್ಲದೆ ಮುಟ್ಟಿದವರನ್ನು ಒದೆಯುತ್ತದೆ. ಸ್ಕ್ರೂಡ್ರೈವರಿನ ಕಬ್ಬಿಣವನ್ನು ಅದರ ಎರಡೂ ತುದಿಗೆ ಕೂಡಿಸಿ ಹಿಡಿದೆ. ಚಟ್ ಎಂದು ಕಿಡಿ ಹಾರಿತು. ಕಬ್ಬಿನವನು ಹಿಂದೆ ಸರಿದ. "ಇಷ್ಟೊತ್ತು ಹೆಗಲ ಮ್ಯಾಲ ಹೊತ್ಕೊಂಡ ಬಂದೀಯಲ್ಲೋ ಮಾರಾಯ" ಎಂದು ಇವರು ನಕ್ಕರು. ಅವನೂ ನಕ್ಕ. ವರ್ಷಗಳಿಂದ ನಿಂತಿದ್ದ ಮಾತು ಹೀಗೆ ಶುರುವಾಯಿತು.

ಆಮೇಲೆ ಅವನು ದಿನಾ ಸಂಜೆ ಬರುತ್ತಿದ್ದ. ಗೋಡೆಗೆ ಆತು ನೆಲದ ಮೇಲೆ ಕೂಡುತ್ತಿದ್ದ. ಇಬ್ಬರೂ ಬದುವಿನ ಮಾತೆತ್ತಲಿಲ್ಲ, ಕ್ಷಮೆಯ ಮಾತೂ ಆಡಲಿಲ್ಲ. ಯಾವ ಕಂಪನಿಯ ತಾಮ್ರ ಒಳ್ಳೆಯದು, ಯಾವ ಬೋರಿನಲ್ಲಿ ನೀರು ಎಷ್ಟು ಆಳಕ್ಕೆ ಹೋಗಿದೆ, ಅಂಥವೇ. ನನಗೆ ಚಹಾ ಮಾಡುವುದು ಹೆಚ್ಚಾಯಿತು ಎಂದು ಗೊಣಗುತ್ತಿದ್ದೆ. ಆದರೆ ಒಳಗಿನಿಂದ ಆ ಇಬ್ಬರ ಧ್ವನಿ ಕೇಳುವಾಗ ಎಷ್ಟೋ ದಿನದ ಮೇಲೆ ಮನೆ ಮನೆಯ ಹಾಗೆ ಅನ್ನಿಸುತ್ತಿತ್ತು. ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಚಾಚಾನೂ ಕಾಕುವೂ ನಾನು ಬೇಡವೆಂದರೂ ಪಾಳಿ ಹಚ್ಚಿಕೊಂಡು ಒಂದು ಹೊತ್ತಿಗೆ ಒಂದೇ ಮೋಟಾರು ಓಡಿಸುತ್ತಿದ್ದರು.

ಕಿಟಕಿಯಿಂದ ಕಬ್ಬಿನ ಹೊಲ ಕಾಣುತ್ತಿತ್ತು. ಮೂರು ಫೇಜಿನ ನೀರು ಅದಕ್ಕೆ ಸಾಲುತ್ತಿರಲಿಲ್ಲ. ಮೊದಲು ಗರಿಗಳ ತುದಿ ಸುಟ್ಟವು, ಆಮೇಲೆ ಅಂಚು. ನನ್ನ ಗಂಡ ದಿನವೆಲ್ಲ ಅದನ್ನೇ ನೋಡುತ್ತ ಮಲಗಿರುತ್ತಿದ್ದರು. ಒಂದು ಸಂಜೆ ಅವನಿಗೆ, "ಡಬ್ಬಿ ಒಯ್ಯೋ. ನಡುನಡುವ ಒಂದ್ ತಾಸು ಹಚ್ಚು. ನಾ ಸಿಲಿಂಡರ್ ಮ್ಯಾಲ ಇರತೀನಿ" ಎಂದರು.

ಅವನು ಚಹಾದ ಲೋಟವನ್ನು ನೆಲಕ್ಕಿಟ್ಟು, "ಕಬ್ಬು ಮುಂದಿನ ವರ್ಷ ಮತ್ತ ಬರತೈತಿ" ಎಂದ. ಮುಂದಿನ ಮಾತು ಮೂವರಿಗೂ ಗೊತ್ತಿತ್ತು.

ಅವರು ಹೋದದ್ದು ಒಂದು ಮಧ್ಯಾಹ್ನ. ಬೆಳಗಿನಿಂದಲೇ ಬೆರಳಿಗೆ ಹಚ್ಚುವ ಚಿಕ್ಕ ಮೀಟರಿನಲ್ಲಿ ಆಕ್ಸಿಜನ್ ಅಂಕಿ ಇಳಿಯುತ್ತಿತ್ತು. ಮಷೀನನ್ನು ಎಷ್ಟು ಹೆಚ್ಚಿಸಬಹುದೋ ಅಷ್ಟು ಹೆಚ್ಚಿಸಿದ್ದೆ. ಫೋನಿನಲ್ಲಿ ಡಾಕ್ಟರು, ನಾನು ಮೊದಲೇ ಹೇಳಿದ್ದೆನಲ್ಲ ತಾಯಿ, ಎಂದರು. ಹುಬ್ಬಳ್ಳಿಗೆ ಒಯ್ಯುವುದಿಲ್ಲ ಎಂದು ಇವರು ಮುಂಚೆಯೇ ನನ್ನಿಂದ ಮಾತು ತೆಗೆದುಕೊಂಡಿದ್ದರು. ಚಾಚಾನಿಗೆ ಹೇಗೆ ತಿಳಿಯಿತೋ, ಲೈನಿನ ಒಂದು ಮೋಟಾರೂ ಆವತ್ತು ಓಡಲಿಲ್ಲ. ಹೊಲಗಳಲ್ಲಿ ಅಂಥ ಸದ್ದಿಲ್ಲದ ಮಧ್ಯಾಹ್ನವನ್ನು ನಾನು ಕಂಡಿಲ್ಲ.

ಅವರು ಕಣ್ಣು ತೆರೆದು, "ವೋಲ್ಟೇಜ್ ಎಷ್ಟೈತಿ?" ಎಂದರು.

"ಇನ್ನೂರಾ ಇಪ್ಪತ್ತೈದು" ಎಂದೆ.

"ಭರ್ತಿ ಐತಲ್ಲ." ಉಸಿರು ಹುಡುಕಿಕೊಂಡು ಹುಡುಕಿಕೊಂಡು ಮತ್ತೆ ಕೇಳಿದರು, "ಮತ್ತ್ಯಾಕ ಸಾಲವಲ್ದು?"

ನಾನು ಅವರ ಕೈ ಹಿಡಿದುಕೊಂಡೆ. ಅದಾದ ಮೇಲೆ ಅವರು ಮಾತಾಡಲಿಲ್ಲ. ಬಲ್ಬು ಹಗಲಿನಲ್ಲೂ ಬೆಳ್ಳಗೆ ಉರಿಯುತ್ತಲೇ ಇತ್ತು. ಮಷೀನು ಒಂದೇ ಸಮ ಗುಂಯ್‌ಗುಡುತ್ತಿತ್ತು. ಅವರು ಹೋದ ಮೇಲೂ ಬಹಳ ಹೊತ್ತು ಅದನ್ನು ಬಂದ್ ಮಾಡಲು ನನಗೆ ಕೈ ಬರಲಿಲ್ಲ. ಕಡೆಗೆ ಕಾಕು ಬಂದು ಬಂದ್ ಮಾಡಿದಳು.

ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಓಣಿಯವರು ಯಾರೂ ಒಲೆ ಹಚ್ಚುವುದಿಲ್ಲ. ಹೊಲದಲ್ಲಿ ಓಣಿ ಎಲ್ಲಿಯದು? ಅಲ್ಲಿ ಮೋಟಾರು ಹಚ್ಚಲಿಲ್ಲ. ಮಣ್ಣು ಮುಗಿದ ಮೇಲೂ ಹಚ್ಚಲಿಲ್ಲ. ದಿನಕರ್ಮ ಮುಗಿಯಿತು, ಮಷೀನನ್ನು ಬಾಡಿಗೆಗೆ ಕೊಟ್ಟವರು ಬಂದು ಸಿಲಿಂಡರಿನ ಸಮೇತ ವಾಪಸು ಒಯ್ದರು, ಆಮೇಲೂ ಒಂದೇ ಫೇಜಿನ ಹೊತ್ತಿನಲ್ಲಿ ಲೈನು ಸುಮ್ಮನೇ ಇತ್ತು. ಚಾಚಾನನ್ನು ಕೇಳಿದರೆ, "ಆ ಹೊತ್ತಿನ್ಯಾಗ ಬಟನ್ ಒತ್ತಾಕ ಕೈ ಏಳಂಗಿಲ್ಲವ್ವಾ" ಎಂದ. ಕಾಕು ಕೇಳಿಸದವಳ ಹಾಗೆ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಗಿಡಗಳ ಎಲೆ ಜೋಲಾಡುತ್ತಿದ್ದವು. ಕಬ್ಬಿನ ಹೊಲ ನಡುವಿನಲ್ಲಿ ಹಳದಿಗೆ ತಿರುಗಿತ್ತು. ಕಬ್ಬಿನವನು ಸಂಜೆ ಬಂದು ಅದೇ ಗೋಡೆಗೆ ಆತು ಕೂಡುತ್ತಿದ್ದ. ಡಬ್ಬಿಯನ್ನು ಕೇಳುತ್ತಿರಲಿಲ್ಲ. ಅದು ಮಂಚದ ಕೆಳಗೆ ಇಟ್ಟಲ್ಲೇ ಇತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಒಂದು ದಿನ ಶಾಲೆಯಿಂದ ಬಂದವಳು ಸೀರೆಯನ್ನೂ ಬದಲಿಸದೆ ಡಬ್ಬಿ, ಸ್ಕ್ರೂಡ್ರೈವರು, ಇಕ್ಕಳ ತೆಗೆದುಕೊಂಡು ಬದು ದಾಟಿದೆ. ಅವನು ಗುಡಿಸಲ ಮುಂದೆ ಇದ್ದ.

"ಹಾಕ್ಕೋರಿ ಇದನ್ನ" ಎಂದೆ.

"ಹಾಕೂದು ನನಗ ಬರಂಗಿಲ್ಲ. ಬರೂವ ಹ್ವಾದ" ಎಂದ ಅವನು.

ಫ್ಯೂಜು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಲು ಅವನಿಗೆ ಹೇಳಿದೆ. ಡಬ್ಬಿಯ ತುದಿಗಳಿಗೆ ಸ್ಕ್ರೂಡ್ರೈವರ್ ಹಚ್ಚಿದೆ. ಕಿಡಿ ಬರಲಿಲ್ಲ, ಒಳಗಿದ್ದದ್ದೆಲ್ಲ ಆವತ್ತೇ ಹೋಗಿತ್ತು. ನನ್ನ ಗಂಡ ಮಾಡುವುದನ್ನು ಪಕ್ಕದಲ್ಲಿ ನಿಂತು ಬೈಯುತ್ತಲೇ ಎಷ್ಟೋ ಸಲ ನೋಡಿದ್ದೆ. ವೈರಿನ ಸಿಪ್ಪೆ ಸುಲಿದು, ಹೊಸೆದು, ಸ್ಟಾರ್ಟರಿಗೆ ಬಿಗಿದೆ. ಅವನು ಫ್ಯೂಜು ಹಾಕಿ ನನ್ನ ಮುಖ ನೋಡಿದ. ಅವನು ಒತ್ತುವುದಿಲ್ಲ ಎಂದು ತಿಳಿದು ಹಸಿರು ಬಟನ್ ನಾನೇ ಒತ್ತಿದೆ.

ಮೋಟಾರು ನರಳಿ, ತಡೆದು, ತಿರುಗಿತು. ಪೈಪು ಎರಡು ಸಲ ಗಾಳಿ ಉಗುಳಿ ಆಮೇಲೆ ನೀರು ಬಿಟ್ಟಿತು. ಅವನು ಸನಿಕೆಗೆ ಹಣೆ ಹಚ್ಚಿ ನಿಂತುಬಿಟ್ಟ. ಸದ್ದು ಕೇಳಿ ಆಚೆ ಚಾಚಾನ ಮೋಟಾರು ಶುರುವಾಯಿತು, ಅದರ ಹಿಂದೆ ಕಾಕುವಿನದು. ಎಲ್ಲರೂ ಇದಕ್ಕೇ ಕಾಯುತ್ತಿದ್ದರೇನೋ.

ನಾನು ನಮ್ಮ ಮನೆಯ ಕಡೆ ತಿರುಗಿದೆ. ಪಡಸಾಲೆಯಲ್ಲಿ ಬಲ್ಬು ಇಳಿಯಿತು. ಬೆಳ್ಳಗಿದ್ದದ್ದು ಹಳದಿಯಾಗಿ, ಹಳದಿ ಕೆಂಪಾಗಿ, ಒಳಗಿನ ತಂತಿಯಷ್ಟೇ ಉಳಿಯಿತು. ನೂರಾ ನಲವತ್ತೈದು. ಕಾಲು ನನ್ನನ್ನು ಕೇಳದೆ ಓಡಿದವು. ಬದು ಹಾರಿ, ಅಂಗಳ ದಾಟಿ, ಸೆರಗು ಬೇಲಿಗೆ ಸಿಕ್ಕಿ ಹರಿದರೂ ನಿಲ್ಲದೆ ಓಡಿದೆ. ಸಿಲಿಂಡರಿನ ಕೀಲಿಗೆಂದು ಕೈ ಮುಂದೆ ಮಾಡಿಕೊಂಡೇ ಒಳಗೆ ನುಗ್ಗಿದೆ.

ಮೂಲೆಯಲ್ಲಿ ಸಿಲಿಂಡರು ಇರಲಿಲ್ಲ. ಮಂಚದ ಮೇಲೆ ಹಾಸಿಗೆ ಸುತ್ತಿ ಇಟ್ಟಿತ್ತು.